ಜಲ್ಲಿ ಡ್ರೈವ್‌ವೇಯಲ್ಲಿ ಟ್ರ್ಯಾಕ್ಟರ್ ಸ್ನೋ ಬ್ಲೋವರ್: ಕಲ್ಲು ಹಾರಿಸದೆ ಹಿಮ ತೆಗೆಯುವ ಬಗೆ

ಜಲ್ಲಿ ಹಾಕಿದ ಡ್ರೈವ್‌ವೇ ಇರುವವರು ಒಂದು ಆಸೆಯನ್ನು ಮೊದಲೇ ಬಿಟ್ಟುಬಿಡಬೇಕು. ನೆಲ ಕಾಣುವ ತನಕ ಹಿಮ ತೆಗೆಯಬೇಕು ಅನ್ನುವ ಆಸೆ. ಟಾರ್ ಹಾದಿ ಇರುವ ಪಕ್ಕದ ಮನೆಯವರು ಕೆರೆದು ಕಪ್ಪು ನೆಲ ತೋರಿಸುತ್ತಾರೆ, ನಿಜ. ಅದನ್ನು ನೋಡಿ ನಾವೂ ಹಾಗೇ ಹೊರಟರೆ, ದುಡ್ಡು ಕೊಟ್ಟು ಹಾಕಿಸಿದ ಜಲ್ಲಿಯೂ ಹಿಮದ ಜೊತೆಗೇ ಹೋಗುತ್ತದೆ. ಸುಮ್ನೆ ಹೋಗುವುದೂ ಇಲ್ಲ. ಹಿಮವನ್ನು ಬಾಯಿಗೆ ಎಳೆದುಕೊಂಡು ಆಚೆ ಎಸೆಯುವ ಯಂತ್ರವೇ ಸ್ನೋ ಬ್ಲೋವರ್. ಅದರ ಫ್ಯಾನಿಗೆ ಸಿಕ್ಕ ಕಲ್ಲು ಕಿಟಕಿ ಗಾಜು ಒಡೆಯುವ, ಎದುರಿಗಿದ್ದವರ ಕಣ್ಣು ಕಳೆಯುವ ರಭಸದಲ್ಲಿ ಆಚೆ ಬರುತ್ತದೆ.

ಹಾಗಾಗಿ ಇಲ್ಲಿ ಗುರಿಯೇ ಬೇರೆ. ತಳದ ಒಂದೂವರೆ, ಎರಡು ಇಂಚು ಹಿಮವನ್ನು ಅಲ್ಲೇ ಬಿಡಬೇಕು. ಅದನ್ನು ತುಳಿದು ಗಟ್ಟಿ ಮಾಡಿಕೊಳ್ಳಬೇಕು. ಚಳಿಗಾಲ ಪೂರ್ತಿ ಅದೇ ನಿಮ್ಮ ರಸ್ತೆ. ಅದರ ಮೇಲೆ ಬಿದ್ದದ್ದನ್ನು ಮಾತ್ರ ಬ್ಲೋವರ್ ತೆಗೆಯಬೇಕು.

ನಾನು ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಮಿಷಿಗನ್ ರಾಜ್ಯದ ಉತ್ತರ ತುದಿಯಲ್ಲಿ, ಸುಪೀರಿಯರ್ ಸರೋವರದೊಳಕ್ಕೆ ಚಾಚಿಕೊಂಡಿರುವ ಕೀವಿನಾ ಪ್ರದೇಶವನ್ನು. ಕೆನಡಾ ಕಡೆಯ ಚಳಿಗಾಳಿ ಸರೋವರ ದಾಟುವಾಗ ನೀರಿನ ತೇವ ಹೀರಿಕೊಂಡು ಬಂದು ಇಲ್ಲಿ ಹಿಮವಾಗಿ ಸುರಿಯುತ್ತದೆ. 1978-79ರ ಚಳಿಗಾಲದಲ್ಲಿ ಇಲ್ಲಿ 390.4 ಇಂಚು ಬಿದ್ದ ದಾಖಲೆ ಇದೆ. ಅಂದರೆ 32 ಅಡಿಗೂ ಜಾಸ್ತಿ. 41ನೇ ನಂಬರಿನ ಹೆದ್ದಾರಿಯ ಪಕ್ಕ ಅದನ್ನು ತೋರಿಸುವ ಎತ್ತರದ ಥರ್ಮಾಮೀಟರ್ ಫಲಕವೇ ನಿಂತಿದೆ. ಹೌಟನ್‌ನ ಮಿಷಿಗನ್ ಟೆಕ್‌ಗೆ ನಮ್ಮ ಕಡೆಯ ಹುಡುಗರು ಓದಲು ಬರುತ್ತಾರೆ. ಓದು ಮುಗಿಸಿ ಇಲ್ಲೇ ನಿಂತು, ಊರಾಚೆ ಜಾಗ ತಗೊಂಡು ಮನೆ ಮಾಡಿದರೆ ಎದುರಾಗುವುದು ಮರಗಳ ನಡುವೆ ಉದ್ದಕ್ಕೆ ಹೋಗುವ ಜಲ್ಲಿ ಹಾದಿ. ವರ್ಮಾಂಟ್, ಮಿನೆಸೋಟ, ಒಂಟಾರಿಯೋ ಕಡೆ ಹಳ್ಳಿಯಲ್ಲಿ ಮನೆ ಮಾಡಿದ ಕನ್ನಡಿಗರಿಗೂ ಇದೇ ಕಥೆ.

ಇಷ್ಟು ಹಿಮ ಬೀಳುವ ಕಡೆ ತಳ್ಳುವ ಪ್ಲೋ ಬ್ಲೇಡ್ ಮಾತ್ರ ಸಾಲುವುದಿಲ್ಲ. ತಳ್ಳಿದ ಹಿಮ ಎರಡೂ ಬದಿಯಲ್ಲಿ ಗೋಡೆ ಕಟ್ಟುತ್ತದೆ. ಜನವರಿ ಹೊತ್ತಿಗೆ ತಳ್ಳಲು ಜಾಗವೇ ಇರುವುದಿಲ್ಲ. ಬ್ಲೋವರ್ ಆದರೆ ಎತ್ತಿ ದೂರ ಎಸೆಯುತ್ತದೆ.

ಯಾವ ಬ್ಲೋವರ್

ಟ್ರ್ಯಾಕ್ಟರ್ ಹಿಂದೆ ತ್ರೀ ಪಾಯಿಂಟ್ ಲಿಂಕೇಜಿಗೆ, ಅಂದರೆ ಉಪಕರಣ ಸಿಕ್ಕಿಸುವ ಮೂರು ತೋಳಿಗೆ ಕೂರುವ ಬ್ಲೋವರ್ ಅಗ್ಗ, ಗಟ್ಟಿ, ರಿಪೇರಿ ಸುಲಭ. ನಿಮಿಷಕ್ಕೆ 540 ಸುತ್ತಿನ ಪಿಟಿಓದಲ್ಲಿ, ಅಂದರೆ ಎಂಜಿನ್ ಶಕ್ತಿಯನ್ನು ಉಪಕರಣಕ್ಕೆ ಕೊಡುವ ತಿರುಗುದಂಡದಲ್ಲಿ ಓಡುತ್ತದೆ. ಊರಲ್ಲಿ ರೋಟವೇಟರ್ ಜೋಡಿಸಿ ಗೊತ್ತಿರುವವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಅದೇ ಪಿನ್ನು, ಅದೇ ಟಾಪ್ ಲಿಂಕ್, ಅದೇ ಪಿಟಿಓ ಶಾಫ್ಟ್. ಟ್ರ್ಯಾಕ್ಟರೂ ಪರಿಚಯದ್ದೇ ಸಿಗಬಹುದು, ಮಹೀಂದ್ರ ಇಲ್ಲೂ ಮಾರಾಟಕ್ಕಿದೆ. ಕಷ್ಟ ಒಂದೇ: ರಿವರ್ಸ್‌ನಲ್ಲಿ ಓಡಿಸಬೇಕು, ಕತ್ತು ಹಿಂದಕ್ಕೆ ತಿರುಗಿಸಿಕೊಂಡೇ ಕೂರಬೇಕು. ಮುಂದೆ ಕೂರುವ ಬ್ಲೋವರ್‌ನಲ್ಲಿ ಆ ಕಷ್ಟ ಇಲ್ಲ, ಆದರೆ ಬೆಲೆ ಜಾಸ್ತಿ, ಟ್ರ್ಯಾಕ್ಟರ್ ನಡುವಿನ ಪಿಟಿಓ ಬೇಕು. ಹಾದಿ ಉದ್ದ ಇದ್ದರೆ, ಕತ್ತು ನೋವು ಮೊದಲೇ ಇದ್ದರೆ, ಮುಂದಿನದಕ್ಕೇ ದುಡ್ಡು ಹಾಕಿ ಅನ್ನುತ್ತೇನೆ. ಯಾವುದಾದರೂ ಸರಿ, ಬ್ಲೋವರ್ ಅಗಲ ಟ್ರ್ಯಾಕ್ಟರ್ ಚಕ್ರಗಳ ಹೊರ ಅಂಚಿಗಿಂತ ಸ್ವಲ್ಪ ಜಾಸ್ತಿ ಇರಲೇಬೇಕು. ಇಲ್ಲದಿದ್ದರೆ ಚಕ್ರ ಪ್ರತಿ ಸಲವೂ ತೆಗೆಯದ ಹಿಮದ ಮೇಲೆ ಹತ್ತುತ್ತದೆ.

ಹಿಮ ಬೀಳುವ ಮುಂಚಿನ ಕೆಲಸ

ಅರ್ಧ ಕೆಲಸ ಅಕ್ಟೋಬರ್‌ನಲ್ಲೇ ಮುಗಿಯಬೇಕು. ಹಾದಿಯ ಗುಂಡಿ ಮುಚ್ಚಿ, ಉಬ್ಬಿದ ಕಡೆ ಸವರಿ. ನಡುವೆ ಸ್ವಲ್ಪ ಎತ್ತರ, ಎರಡೂ ಬದಿಗೆ ಇಳಿಜಾರು ಇರಲಿ, ನೀರು ನಿಂತು ಮಂಜುಗಡ್ಡೆ ಆಗದಿರಲಿ. ನೆಲ ಏರುಪೇರಿದ್ದರೆ ಬ್ಲೋವರ್ ಉಬ್ಬಿನ ತಲೆ ಕೆರೆಯುತ್ತದೆ, ತಗ್ಗಿನಲ್ಲಿ ಹಿಮ ಬಿಡುತ್ತದೆ. ಕೈಮುಷ್ಟಿ ಗಾತ್ರದ ಕಲ್ಲು ಮೇಲೆ ಬಂದಿದ್ದರೆ ಆರಿಸಿ ತೆಗೆಯಿರಿ. ನಾಯಿಯ ಆಟಿಕೆ, ನೀರಿನ ಪೈಪು, ಸೌದೆ ತುಂಡು, ಎಕ್ಸ್‌ಟೆನ್ಶನ್ ವೈರು, ಎಸೆದು ಹೋದ ಪೇಪರ್ ಯಾವುದೂ ಹಾದಿಯಲ್ಲಿ ಉಳಿಯಬಾರದು. ಹಿಮದಡಿ ಇವು ಕಾಣುವುದಿಲ್ಲ, ಬ್ಲೋವರ್ ಬಾಯಲ್ಲಿ ತಿರುಗುತ್ತಾ ಹಿಮ ಒಳಕ್ಕೆಳೆಯುವ ಸುರುಳಿಗೆ, ಅಂದರೆ ಆಗರ್‌ಗೆ, ಮಾತ್ರ ಸರಿಯಾಗಿ ಸಿಗುತ್ತವೆ.

ಆಮೇಲೆ ಗೂಟ. ನಾಲ್ಕೈದು ಅಡಿ ಎತ್ತರದ ಫೈಬರ್ ಕಡ್ಡಿಗಳು ಅಂಗಡಿಯಲ್ಲಿ ಸಿಗುತ್ತವೆ. ತುದಿಯಲ್ಲಿ ಹೊಳೆಯುವ ಪಟ್ಟಿ ಇರುವಂಥದ್ದು ತಗೊಳ್ಳಿ, ಕತ್ತಲಲ್ಲಿ ಟ್ರ್ಯಾಕ್ಟರ್ ದೀಪಕ್ಕೆ ಕಾಣುತ್ತದೆ. ಹಾದಿಯ ಅಂಚಿನಿಂದ ಒಂದಡಿ ಆಚೆ ನೆಡಿ. ನೇರ ಇರುವ ಕಡೆ ದೂರ ದೂರ ಇದ್ದರೂ ನಡೆಯುತ್ತದೆ, ತಿರುವಿನಲ್ಲಿ ಹತ್ತಿರ ಹತ್ತಿರ ಬೇಕು. ಮೋರಿ ಪೈಪಿನ ತುದಿ, ಸೆಪ್ಟಿಕ್ ಟ್ಯಾಂಕಿನ ಮುಚ್ಚಳ, ಬೋರ್‌ವೆಲ್ ಪೈಪು, ಪ್ರೊಪೇನ್ ಟ್ಯಾಂಕು ಇವಕ್ಕೆಲ್ಲ ಬೇರೆ ಬಣ್ಣದ ಗೂಟ ಹಾಕಿದರೆ ಒಳ್ಳೆಯದು. ಇದನ್ನು ನೆಲ ಹೆಪ್ಪುಗಟ್ಟುವ ಮುಂಚೆಯೇ ಮಾಡಿ. ಆಮೇಲೆ ಸುತ್ತಿಗೆಯಲ್ಲಿ ಹೊಡೆದರೂ ಕಡ್ಡಿ ಇಳಿಯುವುದಿಲ್ಲ.

ಇನ್ನು ಸ್ಕಿಡ್ ಶೂ. ಬ್ಲೋವರ್‌ನ ಎರಡೂ ಬದಿಯಲ್ಲಿ ತಳಕ್ಕೆ ಬೋಲ್ಟ್ ಹಾಕಿ ಕೂರಿಸಿರುವ ಕಬ್ಬಿಣದ ಜಾರುಪಟ್ಟಿಗಳು ಇವು. ಯಂತ್ರ ನೆಲದ ಮೇಲೆ ಜಾರುವುದು ಇವುಗಳ ಮೇಲೆಯೇ. ಜಲ್ಲಿ ಹಾದಿಯ ಗೆಲುವು ಸೋಲು ಇಲ್ಲೇ ತೀರ್ಮಾನವಾಗುತ್ತದೆ. ಹೊಸ ಬ್ಲೋವರ್‌ನಲ್ಲಿ ಇವು ಎಷ್ಟು ಎತ್ತರಕ್ಕಿವೆ ಅಂತ ನೋಡದೆ ಜಲ್ಲಿಗೆ ಇಳಿಸಬೇಡಿ. ಗ್ಯಾರೇಜಿನ ಸಮ ನೆಲದಲ್ಲಿ ಹೀಗೆ ಹೊಂದಿಸಿ. ಟೂ ಬೈ ಫೋರ್ ಮರದ ಎರಡು ತುಂಡು ತಗೊಳ್ಳಿ. ಹೆಸರಿಗೆ ಎರಡು ಇಂಚಾದರೂ ಅದರ ದಪ್ಪ ಇರುವುದು ಒಂದೂವರೆ ಇಂಚು, ನಮಗೆ ಬೇಕಾದ್ದೂ ಅಷ್ಟೇ. ತುಂಡುಗಳನ್ನು ಮಲಗಿಸಿ, ಬ್ಲೋವರ್‌ನ ಕೆಳ ಅಂಚಿನ ಕೆರೆಯುವ ಪಟ್ಟಿ ಎರಡೂ ತುದಿಯಲ್ಲಿ ಅವುಗಳ ಮೇಲೆ ಕೂರುವ ಹಾಗೆ ಯಂತ್ರ ಇಳಿಸಿ. ಎಂಜಿನ್ ಆಫ್ ಮಾಡಿ, ಕೀ ತೆಗೆಯಿರಿ. ಶೂಗಳ ಬೋಲ್ಟ್ ಸಡಿಲ ಮಾಡಿದರೆ ಅವು ಕೆಳಗೆ ಜಾರಿ ನೆಲ ಮುಟ್ಟುತ್ತವೆ. ತುಕ್ಕು ಹಿಡಿದು ಜಾರದಿದ್ದರೆ ಮೆಲ್ಲಗೆ ಬಡಿಯಿರಿ. ಅಲ್ಲೇ ಬಿಗಿ ಮಾಡಿ. ಎರಡೂ ಬದಿ ಒಂದೇ ಎತ್ತರ ಇರಬೇಕು, ಇಲ್ಲದಿದ್ದರೆ ಒಂದು ಮೂಲೆ ಜಲ್ಲಿ ಅಗೆಯುತ್ತಲೇ ಇರುತ್ತದೆ.

ಕಂಪನಿ ಕೊಡುವ ಶೂಗಳು ಸಾಮಾನ್ಯವಾಗಿ ಕಿರಿದು. ಕಾಂಕ್ರೀಟಿಗೆ ಸರಿ, ಮೆತ್ತಗಿನ ಜಲ್ಲಿಯಲ್ಲಿ ಹೂತುಹೋಗುತ್ತವೆ. ಅಗಲ ಜಾಸ್ತಿ ಇರುವ, ಎರಡೂ ತುದಿ ಮೇಲಕ್ಕೆ ಬಾಗಿರುವ ಶೂ ಹಾಕಿಸಿಕೊಳ್ಳಿ. ಭಾರ ಹಂಚಿಹೋಗುತ್ತದೆ, ಕಲ್ಲನ್ನು ಬಗೆಯದೆ ಮೇಲೆ ಜಾರುತ್ತದೆ. ಬ್ಲೋವರ್‌ಗೆ ದುಡ್ಡು ಹಾಕಿದ ಮೇಲೆ ಇನ್ನೊಂದಿಷ್ಟು ಹಾಕಲು ಮನಸ್ಸಿದ್ದರೆ ಮೊದಲು ಇದಕ್ಕೇ ಹಾಕಿ.

ಹಿಂದೆ ಕೂರುವ ಬ್ಲೋವರ್‌ಗೆ ಟಾಪ್ ಲಿಂಕ್, ಅಂದರೆ ಮೂರು ತೋಳಿನಲ್ಲಿ ಮೇಲಿನದು, ಕೂಡ ಒಂದು ಒಳ್ಳೆ ಹಿಡಿತ. ಒಂದೆರಡು ಸುತ್ತು ಗಿಡ್ಡ ಮಾಡಿದರೆ ಬ್ಲೋವರ್‌ನ ತಲೆ ಟ್ರ್ಯಾಕ್ಟರ್ ಕಡೆ ವಾಲುತ್ತದೆ, ಬಾಯಿಯ ಅಂಚು ಮೇಲೇಳುತ್ತದೆ. ಚಳಿಗಾಲದ ಶುರುವಿನಲ್ಲಿ, ನೆಲ ಇನ್ನೂ ಮೆತ್ತಗಿರುವಾಗ ಹಾಗೆ ಇಡಿ. ನೆಲ ಗಟ್ಟಿಯಾದ ಮೇಲೆ ಸಮಕ್ಕೆ ತನ್ನಿ. ಹಾಗೆಯೇ ಪಿಟಿಓ ಶಾಫ್ಟ್ ಜೋಡಿಸಿದ ಮೇಲೆ ಬ್ಲೋವರ್ ಪೂರ್ತಿ ಮೇಲೆತ್ತಿ, ಪೂರ್ತಿ ಇಳಿಸಿ ನೋಡಿ. ಶಾಫ್ಟ್ ಎಲ್ಲೂ ಒತ್ತಿಕೊಳ್ಳಬಾರದು, ಎಲ್ಲೂ ಕಳಚುವಷ್ಟು ಹೊರಗೂ ಬರಬಾರದು. ಅದರ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಹೊಸದು ಹಾಕದೆ ಓಡಿಸಲೇಬೇಡಿ. ಚಳಿಗೆ ಕತ್ತಿನ ಸುತ್ತ ಶಾಲು, ಉದ್ದದ ಜಾಕೆಟ್ ಹಾಕಿರುತ್ತೀರಿ. ತಿರುಗುವ ಶಾಫ್ಟಿಗೆ ಅದರ ಒಂದು ತುದಿ ಸಿಕ್ಕರೆ ಸಾಕು, ಎಳೆದುಕೊಳ್ಳುತ್ತದೆ.

ಮೊದಲ ಹಿಮ: ತೆಗೆಯಬೇಡಿ, ತುಳಿಯಿರಿ

ಮೊದಲ ಸಲ ಎರಡು ಮೂರು ಇಂಚು ಬಿದ್ದಾಗ ಬ್ಲೋವರ್ ಹೊರಗೆ ತೆಗೆಯಲು ಕೈ ತುರಿಸುತ್ತದೆ. ತಡೆದುಕೊಳ್ಳಿ. ಕಾರನ್ನೋ ಟ್ರ್ಯಾಕ್ಟರನ್ನೋ ಅದರ ಮೇಲೆ ಹಿಂದೆ ಮುಂದೆ ಓಡಿಸಿ. ಒಂದೇ ಜಾಡಿನಲ್ಲಿ ಓಡಿಸಿದರೆ ಎರಡು ಗಾಲಿ ಗೆರೆ ಮಾತ್ರ ಗಟ್ಟಿಯಾಗುತ್ತದೆ, ಹಾಗಾಗಿ ಪ್ರತಿ ಸಲ ಸ್ವಲ್ಪ ಪಕ್ಕಕ್ಕೆ ಸರಿದು ಇಡೀ ಅಗಲ ತುಳಿಯಿರಿ. ಸುಗ್ಗಿಗೆ ಮುಂಚೆ ನೀರು ಚಿಮುಕಿಸಿ ರೋಣಗಲ್ಲು ಉರುಳಿಸಿ ಕಣ ಗಟ್ಟಿ ಮಾಡುತ್ತಾರಲ್ಲ, ಅದೇ ಕೆಲಸ ಇದು. ಇಲ್ಲಿ ನೀರಿನ ಬದಲು ಹಿಮ, ಬಿಸಿಲಿನ ಬದಲು ರಾತ್ರಿಯ ಚಳಿ. ಬೆಳಿಗ್ಗೆ ಹೊತ್ತಿಗೆ ಜಲ್ಲಿ ಕಲ್ಲುಗಳೆಲ್ಲ ಆ ಪದರದೊಳಗೆ ಕಚ್ಚಿಕೊಂಡು ಕೂತಿರುತ್ತವೆ. ಇನ್ನೊಂದೆರಡು ಸಲ ಬಿದ್ದ ಹಿಮವನ್ನೂ ಹೀಗೇ ಸೇರಿಸಿದರೆ ಪದರ ದಪ್ಪವಾಗುತ್ತದೆ.

ಕೆಲವು ವರ್ಷ ಈ ಸೌಕರ್ಯ ಸಿಗುವುದಿಲ್ಲ. ನೆಲ ಹೆಪ್ಪುಗಟ್ಟುವ ಮುಂಚೆಯೇ ಒಂದು ರಾತ್ರಿಯಲ್ಲಿ ಒಂದಡಿ ಸುರಿದುಬಿಡುತ್ತದೆ. ಆಗ ಬ್ಲೋವರ್ ಇಳಿಸಲೇಬೇಕು, ಆದರೆ ಶೂ ನೆಲ ಮುಟ್ಟುವಷ್ಟಲ್ಲ. ಹೈಡ್ರಾಲಿಕ್ ಲಿವರ್‌ನಲ್ಲಿ ಎರಡು ಮೂರು ಇಂಚು ಎತ್ತಿ ಹಿಡಿದು ಓಡಿಸಿ. ಲಿವರ್ ಪಕ್ಕ ಇರುವ ಸ್ಟಾಪ್ ತಿರುಪನ್ನು ಆ ಜಾಗಕ್ಕೆ ಬಿಗಿ ಮಾಡಿಟ್ಟರೆ ಪ್ರತಿ ಸಲ ಎತ್ತಿ ಇಳಿಸಿದಾಗಲೂ ಅಲ್ಲಿಗೇ ಬಂದು ನಿಲ್ಲುತ್ತದೆ. ಹುಲ್ಲಿನ ಅಂಚಿಗೆ ಮಾತ್ರ ಹೋಗಬೇಡಿ. ಮೆತ್ತಗಿನ ಹುಲ್ಲು ನೆಲವನ್ನು ಬ್ಲೋವರ್ ಚಾಪೆ ಸುತ್ತಿದ್ದಂತೆ ಎಬ್ಬಿಸಿಬಿಡುತ್ತದೆ.

ಓಡಿಸುವ ದಿನ

ಸಾಮಾನ್ಯ ಡೀಸೆಲ್‌ನಲ್ಲಿ ಚಳಿ ಜಾಸ್ತಿಯಾದಾಗ ಮೇಣ ಕಟ್ಟಿ ಫಿಲ್ಟರ್ ಮುಚ್ಚಿಹೋಗುತ್ತದೆ. ನವೆಂಬರ್‌ನಿಂದಲೇ ಚಳಿಗಾಲದ ಡೀಸೆಲ್ ಹಾಕಿಸಿ, ಟ್ಯಾಂಕಿನಲ್ಲಿ ಬೇಸಿಗೆಯದು ಉಳಿದಿದ್ದರೆ ಜೆಲ್ ಆಗದಿರುವ ದ್ರಾವಣ ಸೇರಿಸಿ. ಎಂಜಿನ್ ಬ್ಲಾಕ್ ಹೀಟರ್ ಇದ್ದರೆ ಒಂದೆರಡು ಗಂಟೆ ಮುಂಚೆ ಪ್ಲಗ್ ಹಾಕಿ. ಸ್ಟಾರ್ಟ್ ಆದ ಮೇಲೂ ಹತ್ತು ಹದಿನೈದು ನಿಮಿಷ ಬಿಡಿ, ಹೈಡ್ರಾಲಿಕ್ ಆಯಿಲ್ ಚಳಿಗೆ ಗಟ್ಟಿಯಾಗಿರುತ್ತದೆ. ಆದರೆ ಮುಚ್ಚಿದ ಗ್ಯಾರೇಜಿನಲ್ಲಿ ಅಲ್ಲ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಗೊತ್ತೇ ಆಗದೆ ಪ್ರಾಣ ತೆಗೆಯುತ್ತದೆ.

ಎಂಜಿನ್ ಸ್ಟಾರ್ಟ್ ಮಾಡುವ ಮುಂಚೆಯೇ ಇನ್ನೊಂದು ಪರೀಕ್ಷೆ. ಆಗರ್ ಮತ್ತು ಫ್ಯಾನ್ ರಾತ್ರಿ ಹೆಪ್ಪುಗಟ್ಟಿ ಕಚ್ಚಿಕೊಂಡಿರಬಹುದು. ಕೋಲಿನಿಂದ ಅಲ್ಲಾಡಿಸಿ ನೋಡಿ. ಅಂಟಿಕೊಂಡಿರುವಾಗ ಪಿಟಿಓ ಹಾಕಿದರೆ ಶಿಯರ್ ಬೋಲ್ಟ್, ಅಂದರೆ ಹೊರೆ ಜಾಸ್ತಿಯಾದಾಗ ಮುರಿಯಲೆಂದೇ ಹಾಕಿದ ಬೋಲ್ಟ್, ಅಲ್ಲೇ ತುಂಡಾಗುತ್ತದೆ.

ಪಿಟಿಓವನ್ನು ಎಂಜಿನ್ ನಿಧಾನ ಇರುವಾಗ ಹಾಕಿ, ಆಮೇಲೆ 540ರ ಗುರುತಿಗೆ ಏರಿಸಿ. ಮುಂದೆ ಕೆಲಸ ಮುಗಿಯುವ ತನಕ ಆ ವೇಗ ಇಳಿಸಬೇಡಿ. ಹಿಮ ದೂರ ಹೋಗುವುದು ಫ್ಯಾನಿನ ವೇಗದಿಂದ. ನಿಧಾನ ಮಾಡಬೇಕಾದ್ದು ಟ್ರ್ಯಾಕ್ಟರ್ ನಡೆಯನ್ನು. ಹೈಡ್ರೋಸ್ಟಾಟಿಕ್ ಟ್ರ್ಯಾಕ್ಟರ್‌ನಲ್ಲಿ ಪೆಡಲ್ ಒಂದರಿಂದಲೇ ಇದು ಆಗುತ್ತದೆ. ಗೇರಿನದಾದರೆ ಲೋ ರೇಂಜ್‌ನ ಅತಿ ಕೆಳಗಿನ ಗೇರಿನಲ್ಲಿ ಶುರು ಮಾಡಿ. ಎಂಜಿನ್ ಒದ್ದಾಡುವ ಸದ್ದು ಬಂದರೆ ಕ್ಲಚ್ ತುಳಿದು ಬ್ಲೋವರ್ ಬಾಯಿ ಖಾಲಿಯಾಗಲು ಬಿಡಿ. ಅದಕ್ಕೆ ಕ್ಲಚ್ ಅರ್ಧ ತುಳಿದರೂ ಪಿಟಿಓ ತಿರುಗುತ್ತಲೇ ಇರುವ ಟ್ರ್ಯಾಕ್ಟರ್ ಆಗಿರಬೇಕು.

ಗಾಳಿ ಯಾವ ಕಡೆಯಿಂದ ಅಂತ ನೋಡಿಕೊಂಡು ಗಾಳಿ ಹೋಗುವ ಕಡೆಗೇ ಎಸೆಯಿರಿ. ಇಲ್ಲದಿದ್ದರೆ ಎಲ್ಲ ಮುಖಕ್ಕೇ. ಹಿಮ ಆಚೆ ಬರುವ ಕೊಳವೆಯೇ ಚೂಟು, ಅದರ ತುದಿಯ ಮುಚ್ಚಳವನ್ನು ಸ್ವಲ್ಪ ಕೆಳಕ್ಕೆ ಬಾಗಿಸಿಡಿ. ಕಲ್ಲು ಸಿಕ್ಕರೂ ಎತ್ತರಕ್ಕೆ ಹಾರದೆ ಹತ್ತಿರದ ಹಿಮದಲ್ಲೇ ಹೂತುಹೋಗುತ್ತದೆ. ಮನೆ, ಕಾರು, ಜನ, ಪ್ರೊಪೇನ್ ಟ್ಯಾಂಕು, ಹೀಟರ್ ಹೊಗೆ ಪೈಪು ಇರುವ ಕಡೆಗೆ ಚೂಟು ತಿರುಗಲೇಬಾರದು. ಮಕ್ಕಳು ಹಿಮ ಹಾರುವುದನ್ನು ನೋಡಲು ಓಡಿಬರುತ್ತಾರೆ. ಜಲ್ಲಿ ಹಾದಿಯಲ್ಲಿ ಅವರನ್ನು ಒಳಗೇ ಇರಿಸಿ, ಕಿಟಕಿಯಿಂದ ನೋಡಲಿ. ಬೆಲ್ಟ್ ಹಾಕಿ, ತಲೆಯ ಮೇಲಿನ ರೋಲ್ ಬಾರ್ ಎತ್ತಿಯೇ ಇರಲಿ.

ಓಡಿಸುವಾಗ ಕಿವಿ ಕೊಟ್ಟಿರಬೇಕು. ಹಿಮ ಹೋಗುವ ಸದ್ದು ಒಂದೇ ಸಮ ಇರುತ್ತದೆ. ನಡುವೆ ಟಣ್ ಅಂತ ಬಂದರೆ ಕಲ್ಲು ಸಿಕ್ಕಿದೆ ಅಂತ. ಒಂದೋ ಎರಡೋ ಬಂದರೆ ಪರವಾಗಿಲ್ಲ. ಕರಕರ ಅಂತ ಸಾಲಾಗಿ ಬಂದರೆ, ಎಸೆದ ಹಿಮದ ಬಣ್ಣ ಕಂದಾದರೆ, ಕೂಡಲೇ ಒಂದಿಂಚು ಎತ್ತಿ.

ಹಾದಿಯನ್ನು ಶುರುವಿನಲ್ಲೇ ಅಗಲವಾಗಿ ಇಟ್ಟುಕೊಳ್ಳಿ. ನೆಲ ಹೆಪ್ಪುಗಟ್ಟಿದ ಮೇಲೆ ಎರಡೂ ಬದಿ ಗೂಟಗಳ ತನಕ ತೆಗೆಯಿರಿ. ಪ್ರತಿ ಹಿಮಕ್ಕೂ ಬದಿಯ ದಿಣ್ಣೆ ಸ್ವಲ್ಪ ಸ್ವಲ್ಪ ಒಳಕ್ಕೆ ಬರುತ್ತದೆ. ಫೆಬ್ರವರಿಯಲ್ಲಿ ಪ್ರೊಪೇನ್ ಲಾರಿ, ಆಂಬುಲೆನ್ಸ್, ಬೆಂಕಿ ಆರಿಸುವ ಗಾಡಿ ನುಗ್ಗಲು ಜಾಗ ಇರಬೇಕಲ್ವಾ? ಸೆಪ್ಟಿಕ್ ಟ್ಯಾಂಕು, ಅದರ ಪೈಪುಗಳ ಮೇಲಿನ ಹಿಮವನ್ನು ಮಾತ್ರ ಮುಟ್ಟಬೇಡಿ, ಮೇಲೆ ಟ್ರ್ಯಾಕ್ಟರ್ ಹತ್ತಿಸಲೂ ಬೇಡಿ. ತುಳಿಯದ ಹಿಮವೇ ಅವು ಹೆಪ್ಪುಗಟ್ಟದಂತೆ ಕಾಯುವ ಹೊದಿಕೆ.

ಬೋಲ್ಟ್ ತುಂಡಾದರೆ, ಚೂಟು ಕಟ್ಟಿದರೆ

ದೊಡ್ಡ ಕಲ್ಲು ಸಿಕ್ಕಾಗ ಗೇರ್‌ಬಾಕ್ಸ್ ಒಡೆಯದಿರಲಿ ಅಂತಲೇ ಶಿಯರ್ ಬೋಲ್ಟ್ ಇರುವುದು. ಆಗರ್‌ನ ಒಂದು ಬದಿ ತಿರುಗದೆ ಅಲ್ಲಿ ಹಿಮ ಗುಡ್ಡೆಯಾಗುತ್ತಿದ್ದರೆ ಬೋಲ್ಟ್ ಹೋಗಿದೆ ಅಂತ ಅರ್ಥ. ಜಲ್ಲಿಯಲ್ಲಿ ಇದು ಆಗುತ್ತಲೇ ಇರುತ್ತದೆ. ಟ್ರ್ಯಾಕ್ಟರ್ ಡಬ್ಬಿಯಲ್ಲಿ ಹತ್ತಾರು ಬೋಲ್ಟು, ಎರಡು ಸ್ಪ್ಯಾನರ್, ಸುತ್ತಿಗೆ, ತುಂಡು ಹೊರತಳ್ಳುವ ಪಂಚು ಇಟ್ಟಿರಿ. ಬೋಲ್ಟು ಕಂಪನಿಯ ಪುಸ್ತಕದಲ್ಲಿ ಹೇಳಿದ ಗ್ರೇಡಿನದೇ ಆಗಿರಬೇಕು. ತಲೆಯ ಮೇಲೆ ನೋಡಿ: ಗೆರೆ ಇಲ್ಲದ್ದು ಗ್ರೇಡ್ 2, ಮೂರು ಗೆರೆ ಇದ್ದರೆ ಗ್ರೇಡ್ 5, ಆರು ಗೆರೆ ಇದ್ದರೆ ಗ್ರೇಡ್ 8. ಪದೇ ಪದೇ ತುಂಡಾಗುತ್ತದೆ ಅಂತ ಬೇಜಾರಾಗಿ ಗ್ರೇಡ್ 8 ಹಾಕುವವರಿದ್ದಾರೆ. ಮುಂದಿನ ಕಲ್ಲಿಗೆ ಬೋಲ್ಟ್ ಉಳಿಯುತ್ತದೆ, ಗೇರ್‌ಬಾಕ್ಸ್ ಹೋಗುತ್ತದೆ. ಪದೇ ಪದೇ ತುಂಡಾದರೆ ಬದಲಾಯಿಸಬೇಕಾದ್ದು ಶೂ ಎತ್ತರ.

ಚಳಿ ಕಡಿಮೆಯಾಗಿ ತಾಪ 32 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸೊನ್ನೆ ಸೆಲ್ಸಿಯಸ್ ಹತ್ತಿರ ಬಂದಾಗ ಹಿಮ ಒದ್ದೆಯಾಗಿ ಚೂಟಿನಲ್ಲಿ ಕಟ್ಟಿಕೊಳ್ಳುತ್ತದೆ. ಹೊರಡುವ ಮುಂಚೆ ಚೂಟಿನ ಒಳಗೆ ಸಿಲಿಕೋನ್ ಸ್ಪ್ರೇ ಹೊಡೆದರೆ ಸ್ವಲ್ಪ ಹೊತ್ತು ಅನುಕೂಲ. ಆದರೂ ಕಟ್ಟಿತು ಅನ್ನಿ. ಪಿಟಿಓ ತೆಗೆಯಿರಿ. ಬ್ಲೋವರ್ ನೆಲಕ್ಕಿಳಿಸಿ. ಎಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿ. ಎಲ್ಲ ತಿರುಗುವುದು ನಿಲ್ಲುವ ತನಕ ಕಾಯಿರಿ. ಆಮೇಲೆ ಕೋಲಿನಲ್ಲಿ ತೆಗೆಯಿರಿ, ಕೈಯಲ್ಲಿ ಬೇಡ. ದಪ್ಪ ಗ್ಲೌಸ್ ಇದೆ ಅನ್ನುವ ಧೈರ್ಯವೂ ಬೇಡ. ಸ್ನೋ ಬ್ಲೋವರ್‌ನಿಂದ ಬೆರಳು ಕಳೆದುಕೊಂಡವರಲ್ಲಿ ತುಂಬಾ ಜನ ಕಳೆದುಕೊಂಡದ್ದು ಹೀಗೆ ಕೈ ಹಾಕಿಯೇ. ಕೋಲನ್ನು ಟ್ರ್ಯಾಕ್ಟರ್‌ಗೇ ಕಟ್ಟಿಡಿ. ಹತ್ತಿರ ಇಲ್ಲದಿದ್ದರೆ ಕೈ ಹಾಕುವ ಮನಸ್ಸಾಗುತ್ತದೆ.

ರಸ್ತೆ ಸೇರುವ ಜಾಗ

ಎಲ್ಲ ಮುಗಿಸಿ ಒಳಗೆ ಬಂದು ಕಾಫಿ ಕುಡಿಯುವಷ್ಟರಲ್ಲಿ ಕೌಂಟಿಯ ಪ್ಲೋ ಲಾರಿ ಹೋಗಿ ಡ್ರೈವ್‌ವೇ ಬಾಯಿಗೆ ದಿಣ್ಣೆ ಕಟ್ಟಿರುತ್ತದೆ. ಉಪ್ಪು, ಮರಳು, ರಸ್ತೆ ಬದಿಯ ಕಲ್ಲು ಎಲ್ಲ ಕಲೆತ ಭಾರದ ಹಿಮ ಅದು. ಗಟ್ಟಿಯಾಗುವ ಮುಂಚೆ ತೆಗೆಯಬೇಕು, ತುಂಬಾ ನಿಧಾನ ಹೋಗಬೇಕು, ಚೂಟು ಕೆಳಗಿರಬೇಕು.

ದಿಣ್ಣೆ ಚಿಕ್ಕದು ಮಾಡಲು ಒಂದು ಉಪಾಯ ಇದೆ. ಇಲ್ಲಿ ಗಾಡಿಗಳು ಬಲಗಡೆ ಹೋಗುತ್ತವೆ. ಮನೆ ಕಡೆಯಿಂದ ರಸ್ತೆ ನೋಡಿ ನಿಂತರೆ ಲಾರಿ ಬರುವುದು ನಿಮ್ಮ ಎಡದಿಂದ. ಹಾಗಾಗಿ ಡ್ರೈವ್‌ವೇ ಬಾಯಿಯ ಎಡಗಡೆ, ರಸ್ತೆ ಬದಿಯಲ್ಲೇ ಹತ್ತು ಹದಿನೈದು ಅಡಿ ಉದ್ದಕ್ಕೆ ಹಿಮ ತೆಗೆದು ಖಾಲಿ ಜಾಗ ಮಾಡಿ. ಲಾರಿ ತಂದ ಹಿಮ ಹೆಚ್ಚುಪಾಲು ಅಲ್ಲಿ ಬಿದ್ದುಹೋಗುತ್ತದೆ, ನಿಮ್ಮ ಬಾಯಿಗೆ ಉಳಿದದ್ದು ಮಾತ್ರ ಬರುತ್ತದೆ. ತೆಗೆದ ಹಿಮವನ್ನು ರಸ್ತೆಗೆ ಎಸೆಯಬಾರದು. ಮಿಷಿಗನ್‌ನಲ್ಲಿ ಅದು ಕಾನೂನಿಗೇ ವಿರುದ್ಧ, ಬೇರೆ ಹಲವು ರಾಜ್ಯಗಳಲ್ಲೂ ಅಷ್ಟೇ. ಅಂಚೆ ಡಬ್ಬಿಯ ಮುಂದೆ ಗಾಡಿ ಬಂದು ನಿಲ್ಲುವಷ್ಟು ಜಾಗವನ್ನೂ ಬಿಡಿಸಿಡಿ.

ಕರಗುವ ದಿನಗಳು

ಮಾರ್ಚ್‌ನಲ್ಲಿ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುತ್ತದೆ. ಕಷ್ಟಪಟ್ಟು ಮಾಡಿಕೊಂಡ ಪದರ ಮೇಲೆ ಗಾಜು, ಒಳಗೆ ಕೆಸರು ಆಗಿರುತ್ತದೆ. ಇಲ್ಲಿ ಉಪ್ಪು ಹಾಕಬೇಡಿ. ಟಾರ್ ರಸ್ತೆಗೆ ಉಪ್ಪು ಸರಿ, ಜಲ್ಲಿ ಹಾದಿಯಲ್ಲಿ ಅದು ಪದರ ಕರಗಿಸಿ ನೆಲವನ್ನು ಮೆತ್ತಗೆ ಮಾಡುತ್ತದೆ. ಒರಟು ಮರಳು ಅಥವಾ ಸಣ್ಣ ಜಲ್ಲಿ ಚೆಲ್ಲಿ, ಅದು ಹೇಗೂ ಹಾದಿಗೇ ಸೇರುತ್ತದೆ. ಟ್ರ್ಯಾಕ್ಟರ್ ಚಕ್ರಕ್ಕೆ ಚೈನು ಹಾಕಿರಿ. ಅಗಲದ ಇಂಡಸ್ಟ್ರಿಯಲ್ ಟೈರುಗಳು ಮಂಜುಗಡ್ಡೆ ಮೇಲೆ ನಿಲ್ಲುವುದೇ ಇಲ್ಲ, ಇಳಿಜಾರಿನಲ್ಲಂತೂ ಅಪಾಯ. ಈ ದಿನಗಳಲ್ಲಿ ಹೊಸ ಹಿಮ ಬಿದ್ದರೆ ಬೆಳಿಗ್ಗೆ ಬೇಗ, ನೆಲ ಇನ್ನೂ ಗಟ್ಟಿ ಇರುವಾಗಲೇ ತೆಗೆಯಿರಿ. ಟಾಪ್ ಲಿಂಕ್ ಮತ್ತೆ ಗಿಡ್ಡ ಮಾಡಿ, ಡಿಸೆಂಬರ್‌ನಲ್ಲಿ ಇದ್ದ ಹಾಗೆ. ಮಧ್ಯಾಹ್ನದ ನಾಲ್ಕು ಇಂಚನ್ನು ನಾನಾದರೆ ಹಾಗೇ ಬಿಡುತ್ತೇನೆ. ಸಂಜೆಯೊಳಗೆ ಅರ್ಧ ತಾನೇ ಕರಗಿರುತ್ತದೆ.

ಎಷ್ಟು ಜೋಪಾನ ಮಾಡಿದರೂ ಒಂದಿಷ್ಟು ಜಲ್ಲಿ ಹುಲ್ಲಿಗೆ ಹೋಗಿಯೇ ಇರುತ್ತದೆ. ಹುಲ್ಲು ಚಿಗುರುವ ಮುಂಚೆ, ನೆಲ ಒಣಗಿದ ಮೇಲೆ, ಗಟ್ಟಿ ಕಡ್ಡಿಯ ಪೊರಕೆಯಿಂದಲೋ ರೇಕಿನಿಂದಲೋ ಹಾದಿಗೆ ಎಳೆದುಕೊಳ್ಳಿ. ಹುಲ್ಲು ಬೆಳೆದ ಮೇಲೆ ಅದೇ ಕಲ್ಲು ಲಾನ್ ಮೂವರ್‌ನ ಬ್ಲೇಡಿಗೆ ಸಿಗುತ್ತದೆ. ಬ್ಲೋವರ್ ಒಳಗಿಡುವ ಮುಂಚೆ ತೊಳೆದು, ಎಲ್ಲ ಕಡೆ ಗ್ರೀಸ್ ಒತ್ತಿ, ಗೇರ್‌ಬಾಕ್ಸ್ ಆಯಿಲ್ ನೋಡಿ. ಚೂಟಿನ ಒಳಗೆ ಬಣ್ಣ ಹೋಗಿ ತುಕ್ಕು ಬಂದಿದ್ದರೆ ಉಜ್ಜಿ ಬಣ್ಣ ಹಚ್ಚಿ, ತುಕ್ಕಿಗೆ ಹಿಮ ಅಂಟುವುದು ಜಾಸ್ತಿ. ಸ್ಕಿಡ್ ಶೂ ತಳ ಎಷ್ಟು ಸವೆದಿದೆ ಅಂತ ಕೈಯಲ್ಲಿ ಮುಟ್ಟಿ ನೋಡಿ. ತಿರುಗಿಸಿ ಹಾಕುವ ಹಾಗಿದ್ದರೆ ತಿರುಗಿಸಿ, ಇಲ್ಲದಿದ್ದರೆ ಹೊಸದನ್ನು ಬೇಸಿಗೆಯಲ್ಲೇ ತರಿಸಿಡಿ. ನವೆಂಬರ್‌ನಲ್ಲಿ ಎಲ್ಲರೂ ಅದನ್ನೇ ಕೇಳುತ್ತಿರುತ್ತಾರೆ.